ಬಿಟ್ಟವರ ಪಟ್ಟಿ

ಮಾರ್ಚ್ 10, ಮಂಗಳವಾರ

ನಮಗೆ ಹಣ ಕೊಡುವ ಇಲ್ಲಿನ ಪೊಲೀಸ್ ಆಡಳಿತ ಹೊಸಬರ ಕೈಗೆ ಹೋಗುವ ಮೊದಲು, ಈ ಪರದೇಶದ ಊರು ಫೆಲ್ಥಮ್‌ನಲ್ಲಿರುವ ನಮ್ಮ ವ್ಯಸನಮುಕ್ತಿ ಕೇಂದ್ರದ ವರದಿ ಕಳಿಸಬೇಕು. ಡ್ರಗ್ಸ್ ಕೇಸಿನಲ್ಲಿ ಸಿಕ್ಕವರಿಗೆ ನಾವು ಕೊಡುವ ಚಿಕಿತ್ಸೆಯ ಅನುದಾನ ಆ ವರದಿಯ ಮೇಲೆಯೇ ನಿಂತಿದೆ.

ಮ್ಯಾನೇಜರ್ ಹೆಲೆನ್ 'ಮಧ್ಯದಲ್ಲೇ ಬಿಟ್ಟವರು' ಪಟ್ಟಿ ಕೇಳಿದಳು. ಮೊದಲ ಹೆಸರೇ ವಿಜಯಪುರದ ಮಹಾಂತೇಶನದು. ಹೋದ ವರ್ಷ ಬಾಗಿಲಲ್ಲಿ ನಿಂತು "ಬರ್ತೀನ್ರಿ ಅಕ್ಕಾರ" ಅಂದಿದ್ದ. ನಾನು ಅವತ್ತೇ ಇಂಗ್ಲಿಷಿನಲ್ಲಿ 'ಬಿಟ್ಟು ಹೋದ' ಎಂದು ಬರೆದಿದ್ದೆ. ನಮ್ಮಲ್ಲಿ ಯಾರಾದರೂ ಹೊರಡುವಾಗ 'ಹೋಗ್ತೀನಿ' ಅಂತಾರೆಯೇ? ಧಾರವಾಡದವಳಾಗಿ ಅದನ್ನೂ ಮರೆತೆನಲ್ಲ!

ಇವತ್ತು ಮಹಾಂತೇಶ ಬಂದು, ಆಗ ಕೂರುತ್ತಿದ್ದ ಕುರ್ಚಿಯಲ್ಲೇ ಕೂತ. "ಬರ್ತೀನಿ ಅಂತ ಹೇಳೇ ಹೋಗಿದ್ನಲ್ರಿ."

ಹೆಲೆನ್ ಒಪ್ಪಲಿ, ಬಿಡಲಿ, ವರದಿಯಲ್ಲಿ 'ಮರಳಿ ಬಂದವರು' ಎಂಬ ಕಾಲಂ ಇದ್ದೇ ಇರುತ್ತದೆ. ಪಟ್ಟಿಯಲ್ಲಿ ಇನ್ನೂ ಮೂವತ್ತು ಹೆಸರುಗಳಿವೆ. ನಾಳೆ ಬೆಳಿಗ್ಗೆ ಒಬ್ಬೊಬ್ಬರಿಗೂ ಫೋನ್ ಮಾಡಿ ಕೇಳುತ್ತೇನೆ, ಯಾವಾಗ ಬರ್ತೀರಿ ಅಂತ.