ನೇರಳೆ ಬಟ್ಟೆಯ ಸ್ತ್ರೀವೇಷ

ರಿಚ್ಮಂಡ್ ಹಿಲ್, ೧೫-೧೧-೧೯೯೮

ಅಣ್ಣನಿಗೆ ತಂಗಿ ವಾರಿಜೆಯ ನಮಸ್ಕಾರ.

ನಿನ್ನೆ ಟೊರಾಂಟೊದ ಮ್ಯೂಸಿಯಮ್ಮಿನಲ್ಲಿ ಜಪಾನಿನ ಕಬುಕಿ ನಾಟಕದ ನಟರ ಹಳೆಯ ಚಿತ್ರಗಳನ್ನು ಕಂಡೆ. ಮರದ ಅಚ್ಚಿನಲ್ಲಿ ಒತ್ತಿದವು. ಒಂದೊಂದು ಕೂದಲೆಳೆಯನ್ನೂ ಎಣಿಸುವ ಹಾಗಿದೆ. ಒಂದರಲ್ಲಿ, ಯಕ್ಷಗಾನದಲ್ಲಿ ನೀನು ಹಾಕುವ ಹಾಗೆ, ಸ್ತ್ರೀವೇಷದ ಗಂಡಸು. ಬೋಳಿಸಿದ ಮುಂದಲೆಯ ಮೇಲೆ ನೇರಳೆ ಬಟ್ಟೆ, ಕೆಳಗೆ ಗಡಸು ಗದ್ದ. ಚಿತ್ರಕಾರ ಏನನ್ನೂ ಮರೆಮಾಡಿಲ್ಲ. ಆದರೂ ಆ ಕತ್ತು ಬಾಗಿದ ಚೆಂದಕ್ಕೆ ಅವನು ಹೆಣ್ಣೇ! "ಅಮ್ಮಾ, ಲುಕ್, ಮಾಮ!" ಎಂದು ಮಗಳು ಸಿಂಚನಾ ಎಲ್ಲರೆದುರು ಕೂಗಿದಳು. ಆಗಿನ ಜನ ಇಂಥವನ್ನು ಆಸೆಯಿಂದ ಕೊಂಡು ಮನೆಗೊಯ್ಯುತ್ತಿದ್ದರಂತೆ.

ನಿನ್ನ ಮಂಡಿನೋವಿಗೆ ಮುಲಾಮು ಪಾರ್ಸೆಲ್ ಮಾಡಿದ್ದೇನೆ, ತಪ್ಪದೆ ಹಚ್ಚಿಕೋ.

ಗಂಡಿನವರು ನನ್ನನ್ನು ನೋಡಲು ಬಂದ ದಿನ ನಿನ್ನ ಸ್ತ್ರೀವೇಷದ ಫೋಟೊವನ್ನು ಗೋಡೆಯಿಂದ ತೆಗೆದು ಪೆಟ್ಟಿಗೆಯಲ್ಲಿಟ್ಟಿದ್ದೆನಲ್ಲ, ಅದನ್ನು ಕಳುಹಿಸು. ಇಲ್ಲಿ ಬಾಗಿಲಿನೆದುರೇ ಮೊಳೆ ಹೊಡೆದಾಗಿದೆ.

ವಾರಿಜೆ