ಕೆಂಬೂತದ ಹತ್ತನೆಯ ರ‍್ಯಾಲಿ

ಎರಡನೆಯ ಬೆಳಕುಗಾಲ, ವರ್ಷ 611
ಹದಿನಾಲ್ಕನೆಯ ತಿಂಗಳ ಮೊದಲ ಮಂಗಳವಾರ
ಮೇಲಣ ದಾವಣಗೆರೆ

ಸರ್ವಮಂಗಳಕ್ಕನವರಿಗೆ ನಮಸ್ಕಾರ.

ತಾರೀಖು ಕಂಡು ಯಾರೋ ಹುಚ್ಚರು ಬರೆದದ್ದೆಂದು ಎಸೆಯಬೇಡಿ. ನಿಮ್ಮ ಕಾಲದ ಕನ್ನಡವನ್ನು ಹಳೆಯ ಧ್ವನಿಮುದ್ರಣಗಳಿಂದ ಕಲಿತವಳು ನಾನು. ಮಾತು ಅಲ್ಲಲ್ಲಿ ಎಡವಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಇದು ಹಿನ್ನಂಚೆಯಲ್ಲಿ ಬರುತ್ತಿದೆ, ಅಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದ. ಎಲ್ಲರೂ ತಮ್ಮ ಅಜ್ಜಿಗೋ ತಾತನಿಗೋ ಬರೆಯುತ್ತಾರೆ. ನಾನು ನಿಮಗೆ ಬರೆಯುತ್ತಿದ್ದೇನೆ.

ನಮ್ಮಲ್ಲಿ ಈಗ ರಸ್ತೆಯಿಲ್ಲ, ಚಕ್ರವಿಲ್ಲ; ಪಂಕ್ಚರ್ ಎಂದರೇನೆಂದು ಮಕ್ಕಳಿಗೆ ಬಿಡಿಸಿ ಹೇಳಬೇಕು. ಆದರೂ ನಿಮ್ಮ ತಂಡದ ಕಾರನ್ನು ಅರಿಯದವರಿಲ್ಲ. ಕಪ್ಪು ಮೈ, ಇಟ್ಟಿಗೆ ಬಣ್ಣದ ಬಾಗಿಲು ಕಂಡು ಎದುರಾಳಿಗಳು ಕೆಂಬೂತ ಹಕ್ಕಿ ಎಂದು ಗೇಲಿ ಮಾಡಿದ್ದರಲ್ಲ, ಅದೇ ಕಾರು! ಪ್ರತಿವರ್ಷ ಅದರ ಆ ಒಂದು ಸೀಸನ್ನನ್ನು ನೋಟಗೋಡೆಯಲ್ಲಿ ಮೊದಲಿನಿಂದ ನೋಡುತ್ತೇವೆ. ನಡೆದುಹೋದದ್ದನ್ನು ನಡೆದಂತೆಯೇ ತೋರಿಸುವ ಗೋಡೆ ಅದು. ಓಣಿಯವರೆಲ್ಲ ಚಾಪೆ ಹಾಸಿ, ಮಂಡಕ್ಕಿ ಮೆಣಸಿನಕಾಯಿ ಮುಂದಿಟ್ಟುಕೊಂಡು ಕೂರುತ್ತೇವೆ. ಅದೊಂದನ್ನು ನಾವಿನ್ನೂ ಬಿಟ್ಟಿಲ್ಲ. ನಿಮ್ಮಣ್ಣ ರುದ್ರಮುನಿಯವರು ಸ್ಟೀರಿಂಗ್ ಹಿಡಿದಿರುತ್ತಾರೆ. ನೀವು ಪಕ್ಕದಲ್ಲಿ ಕೂತು ಮುಂದಿನ ತಿರುವುಗಳನ್ನು ಓದಿ ಹೇಳುತ್ತಿರುತ್ತೀರಿ. ಮೂರನೆಯ ರ‍್ಯಾಲಿಯಲ್ಲಿ ಅವರು ಹಾದಿ ತಪ್ಪಿದಾಗ, “ಎಡಕ್ಕೆ ಅಂದ್ರೆ ಎಡಕ್ಕಣ್ಣಾ! ಉಣ್ಣೋ ಕೈ ಅಲ್ಲ!” ಎಂದು ನೀವು ರೇಗಿದ್ದಕ್ಕೆ ಇವತ್ತಿಗೂ ಬಿದ್ದುಬಿದ್ದು ನಗುತ್ತೇವೆ. ಒಂಬತ್ತು ರ‍್ಯಾಲಿ, ಒಂಬತ್ತು ಗೆಲುವು.

ಹತ್ತನೆಯದನ್ನು ಹೇಗೆ ಹೇಳಲಿ? ಕೆರೆ ಏರಿಯ ತಿರುವಿನಲ್ಲಿ ಕಾರು ಜಾರಿ, ನಿಮ್ಮ ಕಡೆಯ ಬಾಗಿಲು ಕಲ್ಲುಕಂಬಕ್ಕೆ ಅಪ್ಪಳಿಸುತ್ತದೆ. ಅಣ್ಣ ನಿಲ್ಲಿಸಲು ಹೋದರೆ ನೀವು, “ನಂಗೇನಾಗಿಲ್ಲ, ನೀ ಓಡ್ಸಣ್ಣಾ” ಎನ್ನುತ್ತೀರಿ. ಕೊನೆಯ ಗೆರೆ ದಾಟುವವರೆಗೂ ತಿರುವುಗಳನ್ನು ಓದುತ್ತೀರಿ. ಕೆಂಬೂತ ಗೆಲ್ಲುತ್ತದೆ. ಆಸ್ಪತ್ರೆಯ ದಾರಿಯಲ್ಲಿ ನೀವು ತೀರಿಕೊಳ್ಳುತ್ತೀರಿ. ನಿಮ್ಮ ಆ ಮಾತಿಗೆ ನಾವು ಎದ್ದು ನಿಂತು ಚಪ್ಪಾಳೆ ತಟ್ಟುತ್ತೇವಕ್ಕಾ! ನಮ್ಮ ಮಕ್ಕಳು ಬಿದ್ದು ಮೊಣಕಾಲು ತರಚಿಕೊಂಡರೂ ಅದನ್ನೇ ಹೇಳಿ ನಗುತ್ತಾರೆ. ನನ್ನ ಮಗಳಿಗೆ ಕಲಿಸಿದವಳು ನಾನೇ. ಥೂ, ನನ್ನ ಜನ್ಮಕ್ಕೆ!

ದಮ್ಮಯ್ಯ, ಹತ್ತನೆಯದಕ್ಕೆ ಹೋಗಬೇಡಿ. ಜ್ವರ ಅನ್ನಿ, ಜಗಳ ತೆಗೆಯಿರಿ, ಕಾರಿನ ಕೀಲಿಯನ್ನು ಬಾವಿಗೆ ಹಾಕಿ. ಕೆಂಬೂತ ಸೋತರೆ ಸೋಲಲಿ.

ಇನ್ನೊಂದು ಮಾತು ಹೇಳದಿದ್ದರೆ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ. ಈ ಕಾಗದವನ್ನು ಸೀಸನ್ ಶುರುವಾಗುವ ಮೊದಲೇ ನಿಮಗೆ ತಲುಪಿಸಬಹುದಿತ್ತು. ಆದರೆ ನೀವು ಹೆದರಿ ಕಾರನ್ನೇ ಹತ್ತದಿದ್ದರೆ ಆ ಒಂಬತ್ತು ಗೆಲುವುಗಳೂ ನಮ್ಮ ಗೋಡೆಯಿಂದ ಅಳಿಸಿಹೋಗುತ್ತವಲ್ಲ ಎಂದು ನನ್ನ ಹಾಳು ಆಸೆ ಅಡ್ಡ ಬಂತು. ಅದಕ್ಕೇ ಒಂಬತ್ತನೆಯದು ಮುಗಿದ ಮರುದಿನಕ್ಕೆ ಕಳಿಸುತ್ತಿದ್ದೇನೆ. ಹತ್ತನೆಯದಕ್ಕೆ ಆಗ ಒಂದು ವಾರ ಉಳಿದಿರುತ್ತದೆ. ಹಿನ್ನಂಚೆ ಒಮ್ಮೊಮ್ಮೆ ಅದಕ್ಕಿಂತ ಹೆಚ್ಚು ತಡವಾಗಿ ತಲುಪುತ್ತದೆ, ಅದು ನನಗೆ ಗೊತ್ತಿದೆ.

ರುದ್ರಮುನಿಯಣ್ಣಾ, ಇದನ್ನು ಒಡೆದು ಓದುತ್ತಿರುವವರು ನೀವಾಗಿದ್ದರೆ, ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಒಂಬತ್ತು ಗೆಲುವು ಮುಗಿಯಲೆಂದು ಕಾದು ಕೂತವಳು ನಾನು.

ಮುಗಿಲವ್ವ