ಕೊನೆಯ ಅಕ್ಷರದವರು ನಾಳೆ ಬನ್ನಿ

ಮಾನ್ಯ ಕುಲಪತಿಗಳೇ,

ಓದು ಬಿಟ್ಟವರನ್ನು "ಏಕೆ ಬಿಟ್ಟಿರಿ?" ಎಂದು ವಿಚಾರಿಸುವ ನಲವತ್ತೆರಡು ಪ್ರಶ್ನೆಗಳ ಹೊಸ ಸಮೀಕ್ಷೆಯೊಂದನ್ನು ತಾವು ಕಳುಹಿಸಿದ್ದೀರಿ. ನನ್ನ ಮಗಳು ನಿವೆಸ್ ಝಾನೆಲ್ಲಾತೊಗೂ ಬಂದಿದೆ. ಉತ್ತರ ಒಂಬತ್ತು ವರ್ಷಗಳಿಂದ ತಮ್ಮ ಬಳಿಯೇ ಇದೆ, ತಾವು ಓದಿಲ್ಲ. ನನ್ನ ದೂರು ಇದೇ. ಮೆತ್ತಗೆ ಹೇಳುವ ಮನಸ್ಸು ನನಗಿಲ್ಲ.

ನಮ್ಮ ಮಕ್ಕಳು ಪರೀಕ್ಷೆಗೆ ಹೆಸರು ಬರೆಸಬೇಕಾದರೆ ಮೊದಲು ತಾವು ಕೊಡುವ ಅನಿಸಿಕೆಯ ಪ್ರಶ್ನಾವಳಿ ತುಂಬಲೇಬೇಕು, ಇಲ್ಲದಿದ್ದರೆ ಕಂಪ್ಯೂಟರ್ ಮುಂದಕ್ಕೆ ಬಿಡುವುದಿಲ್ಲ. ಕತ್ತು ಹಿಡಿದು ಬಾಯಿ ಬಿಡಿಸಿ, ಆಮೇಲೆ ಕಿವಿಗೆ ಹತ್ತಿ ತುರುಕಿಕೊಳ್ಳುವುದು ಯಾವ ಶಾಸ್ತ್ರ? ಅಷ್ಟೊಂದು ಉತ್ತರಗಳಿಂದ ತಾವು ಸಾಧಿಸಿದ್ದು, "ವಿದ್ಯಾರ್ಥಿಗಳ ತೃಪ್ತಿ: ಹತ್ತಕ್ಕೆ ಏಳೂವರೆ" ಎಂದು ಹೆಬ್ಬಾಗಿಲಿಗೆ ಬ್ಯಾನರ್ ಕಟ್ಟಿಸಿದ್ದು. ಉಳಿದ ಎರಡೂವರೆಯಲ್ಲಿ ಯಾರಿದ್ದಾರೆ ಎಂದು ಯಾರೂ ಕೇಳಲಿಲ್ಲ.

ನನ್ನ ಮಗಳಿದ್ದಾಳೆ. ಕಳೆದ ಜುಲೈಯಲ್ಲಿ ಅವಳಿಗೆ ರಸಾಯನಶಾಸ್ತ್ರದ ಮೌಖಿಕ ಪರೀಕ್ಷೆಯಿತ್ತು. ಎಂದಿನಂತೆ ಮನೆತನದ ಹೆಸರಿನ ಅಕ್ಷರಕ್ರಮದಲ್ಲಿ ಕರೆದರು. ಅವಳದು ಝೆತಾ, ನಮ್ಮ ಅಕ್ಷರಮಾಲೆಯ ಕಟ್ಟಕಡೆಯದು. ಬೆಳಗ್ಗೆ ಒಂಬತ್ತರಿಂದ ಕಾರಿಡಾರಿನಲ್ಲಿ ನಿಂತಳು. ಸಂಜೆ ಆರಕ್ಕೆ, ಇನ್ನು ನಾಲ್ಕೇ ಮಂದಿ ಉಳಿದಿರುವಾಗ, ಪ್ರೊಫೆಸರ್ ಚೀಲ ಎತ್ತಿಕೊಂಡರು.

"ಇವತ್ತಿಗೆ ಸಾಕಮ್ಮ. ನಾಳೆ ಬಾ."

"ಸಾರ್, ಜೂನ್‌ನಲ್ಲೂ ಹಿಂಗೇ ಅಂದ್ರಿ. ಹತ್ತೇ ನಿಮಿಷ, ಇವತ್ತೇ ಕೇಳ್ಬಿಡಿ ಸಾರ್."

"ಹೆಸ್ರು ಕೊನೇಲಿದ್ರೆ ನಾನೇನ್ ಮಾಡ್ಲಿ? ಹೋಗಿ ನಿಮ್ಮಪ್ಪನ್ನ ಕೇಳು!"

ಮರುದಿನ ಅವರು ವಿಚಾರಸಂಕಿರಣಕ್ಕೆ ಹೊರಟುಹೋಗಿದ್ದರು. ಪರೀಕ್ಷೆ ಸೆಪ್ಟೆಂಬರಿಗೆ ಬಿತ್ತು. ವಿದ್ಯಾರ್ಥಿನಿಲಯದ ನಿಯಮದಂತೆ ಆಗಸ್ಟ್ ಹತ್ತರೊಳಗೆ ಪಾಸಾಗದ ಕಾರಣ ಅಲ್ಲಿನ ಕೋಣೆ ಹೋಯಿತು, ಕೋಣೆಯಿಲ್ಲದೆ ಓದೂ ಹೋಯಿತು. ಈಗ ಅವಳು ಪೊ ನದೀಮುಖದ ಮೀನುಗಾರಿಕೆಯ ಶೆಡ್ಡಿನಲ್ಲಿ ನನ್ನ ಪಕ್ಕ ನಿಂತು ಮರುವಾಯಿ ಎಂಬ ಚಿಪ್ಪುಮೀನು ಆರಿಸುತ್ತಾಳೆ. ನನ್ನ ಕೆಲಸಕ್ಕೆ ನಾನು ನಾಚುವವಳಲ್ಲ. ಆದರೆ ಅದು ಅವಳು ತಾನಾಗಿ ಆರಿಸಿಕೊಂಡ ಕೆಲಸವಲ್ಲ.

ಹಾಗಾಗಿ ಚಳಿಗಾಲವಿಡೀ ಕೂತು, ತಮ್ಮ ಜಾಲತಾಣದ ಮೂಲೆಯಲ್ಲಿ ತಾವೇ ಹಾಕಿಟ್ಟು ಮರೆತ ಒಂಬತ್ತು ವರ್ಷಗಳ ಅನಿಸಿಕೆಗಳನ್ನು ಓದಿದೆ. ಜೊತೆಗೆ ಕೆಲಸ ಮಾಡುವ ಲೊರೆಡಾನಾ ಬೈದಳು: "ಹಾಕಿದೋರೇ ಓದಿಲ್ಲ, ನಿಂಗ್ಯಾಕೇ ಈ ಉಸಾಬರಿ?" ಇನ್ನೂರ ಹದಿನಾಲ್ಕು ಮಕ್ಕಳು ಒಂದೇ ಮಾತು ಬರೆದಿದ್ದಾರೆ: ನಮ್ಮ ಸರದಿ ಬರುವಷ್ಟರಲ್ಲಿ ಪರೀಕ್ಷೆ ಮುಗಿದಿರುತ್ತದೆ. ಪಕ್ಕದಲ್ಲೇ ಯಾರ ಪರೀಕ್ಷೆ ಯಾವತ್ತು ನಡೆಯಿತೆಂಬ ಪಟ್ಟಿಗಳೂ ಇದ್ದವು. ಎರಡನ್ನೂ ಜೋಡಿಸಿ ನೋಡಿದೆ. ಮುಂದೂಡಲ್ಪಟ್ಟವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಕೊನೆಯ ಮೂರು ಅಕ್ಷರಗಳವರು. ಎಂಟನೇ ತರಗತಿ ಓದಿದ ಹೆಂಗಸಿಗೆ ಕಂಡದ್ದು, ಹದಿನಾಲ್ಕು ಜನರ ತಮ್ಮ ಅಂಕಿಅಂಶ ವಿಭಾಗಕ್ಕೆ ಕಾಣಲಿಲ್ಲವೇ? ತಮ್ಮ ಹೆಸರು ಮೊದಲ ಅಕ್ಷರದ್ದು. ತಾವು ಎಲ್ಲ ಪರೀಕ್ಷೆಗಳನ್ನೂ ಬೆಳಗಿನ ಕಾಫಿಯ ಬಿಸಿ ಆರುವ ಮೊದಲೇ ಮುಗಿಸಿದವರು.

ಹೊಸ ಸಮೀಕ್ಷೆಯನ್ನು ಹಿಂದಕ್ಕೆ ಪಡೆಯಿರಿ, ಹಳೆಯದನ್ನು ಓದಿರಿ. ಪ್ರತಿಯೊಬ್ಬರಿಗೂ ಪರೀಕ್ಷೆಯ ಸಮಯ ನಿಗದಿ ಮಾಡಿ. ನಿವೆಸ್‌ಗೆ ಕೋಣೆಯನ್ನೂ ಪರೀಕ್ಷೆಯನ್ನೂ ಮರಳಿಸಿ, ಈ ಜೂನ್‌ನಲ್ಲಿ ಕೊನೆಯ ಅಕ್ಷರದಿಂದಲೇ ಕರೆಯಿರಿ.

ಆಗದೆನ್ನುವಿರಾ? ನಮ್ಮ ದೇಶದಲ್ಲಿ ಮೌಖಿಕ ಪರೀಕ್ಷೆ ಬಹಿರಂಗ, ಬಾಗಿಲು ಯಾರಿಗೂ ಮುಚ್ಚುವಂತಿಲ್ಲ. ಮೊದಲ ದಿನವೇ ಶೆಡ್ಡಿನ ಹನ್ನೆರಡು ಹೆಂಗಸರು ರಬ್ಬರ್ ಬೂಟಿನಲ್ಲೇ ಬಂದು ಮುಂದಿನ ಸಾಲಿನಲ್ಲಿ ಕೂರುತ್ತೇವೆ. ಪ್ರೊಫೆಸರ್ ಚೀಲಕ್ಕೆ ಕೈಹಾಕಿದ ಕೂಡಲೇ ಆ ಇನ್ನೂರ ಹದಿನಾಲ್ಕು ಮಾತುಗಳನ್ನು ಒಂದೊಂದಾಗಿ, ಗಟ್ಟಿಯಾಗಿ ಓದುತ್ತೇವೆ. ಪತ್ರಕರ್ತರಿಗೂ ಹೇಳಿಯಾಗಿದೆ. ತಾವೂ ಬನ್ನಿ. ಮಾತಾಡಲು ತಮಗೂ ಅವಕಾಶವಿದೆ, ಆದರೆ ಎಲ್ಲರದೂ ಮುಗಿದ ಮೇಲೆ.

ಇಂತಿ,
ಮಗಳಿಗೆ ಎರಡನೇ ಅಕ್ಷರದ ತನ್ನ ತವರಿನ ಹೆಸರಿಡದೆ ಗಂಡನ ಹೆಸರಿಟ್ಟು ಕೆಟ್ಟ ತಾಯಿ,
ಮರಿಲೆನಾ ಬೊವೊಲೆಂತಾ